ಆಯಿಗೆ ಆರಾಮಿಲ್ಲ

ಸುಳ್ಳು ಹೇಳಲು ಹೊರಟವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಬಾರದು. ಕಂಬ ಹಿಡಿದು, ಯಾರದೋ ಮೊಣಕೈ ತಿವಿಸಿಕೊಂಡು, ಜೋಲಿ ಹೊಡೆಯುತ್ತ ನಿಂತರೆ ಸುಳ್ಳು ಅಲುಗಾಡದೆ ಒಂದು ಕಡೆ ಇರುತ್ತದೆ. ಕೂತು ಹೊರಗೆ ನೋಡುತ್ತ ಹೋದರೆ ಮುಗಿಯಿತು, ಅದಕ್ಕೆ ಕೈಕಾಲು ಬರುತ್ತವೆ. ಬೀದರಿನ ಸ್ಟ್ಯಾಂಡಿನಲ್ಲಿ ಭಾಲ್ಕಿ ಬಸ್ಸು ಹತ್ತಿದ ಸಿದ್ದೇಶ್ವರಿಗೆ ಕಿಟಕಿಯೇ ಸಿಕ್ಕಿತು. ಹೊರಗೆ ಮಂಜು. ಊರು ಮುಗಿದು ಕೆಂಪು ನೆಲ ಶುರುವಾದರೂ ಮಂಜು ಮುಗಿಯಲಿಲ್ಲ. ಹೂಬಿಟ್ಟ ತೊಗರಿ ಹೊಲಗಳು ಕಿಟಕಿಯ ತನಕ ಬಂದು, ಏನೋ ಕೇಳಬೇಕೆಂದು ನಿಂತು, ಕೇಳದೆ ಹಿಂದೆ ಸರಿಯುತ್ತಿದ್ದವು. ಆಯಿಗೆ ಆರಾಮಿಲ್ಲ, ಸೀರಿಯಸ್ ಅದಾಳ, ನಿನ್ನ ಹೆಸರೇ ತಗೋತಾಳ, ನಡಿ. ಇಷ್ಟೇ ಹೇಳಬೇಕಾದದ್ದು. ಆದರೆ ಏನಾಗಿದೆ ಎಂದು ಮಗಳು ಕೇಳಿದರೆ? ಎದೆನೋವೆಂದರೆ ದವಾಖಾನೆಗೆ ಯಾಕೆ ಒಯ್ದಿಲ್ಲ ಅನ್ನುತ್ತಾಳೆ. ಲಕ್ವಾ ಎಂದರೆ ಹೆಸರು ತಗೊಳ್ಳುವ ಬಾಯಿ ಎಲ್ಲಿಯದು? ಔರಾದ ತಾಲ್ಲೂಕಿನ ಹಳ್ಳಿ ಹಳ್ಳಿ ತಿರುಗಿ ಸೂಜಿ ಚುಚ್ಚುವ ನರ್ಸಮ್ಮನಿಗೆ ಹಡೆದ ತಾಯಿಗೆ ಹೊಂದುವ ಒಂದು ಜಡ್ಡು ಹೊಳೆಯದೆ ಹೋಯಿತು. ಅತ್ತ ಸಂತಪುರದಲ್ಲಿ ಅವಳ ಅವ್ವ, ಮಗಳ ಆಯಿ, ಭೀಮಬಾಯಿ ಈ ಹೊತ್ತಿಗೆ ಕುರಿಹಟ್ಟಿ ಬಳಿದು, ರೊಟ್ಟಿ ಬಡಿದು, ಗಂಡನ ಬುತ್ತಿ ಕಟ್ಟಿ, ಯಾರನ್ನೋ ಬೈಯುತ್ತಿರಬೇಕು. ಅಂಥ ಗಟ್ಟಿ ಮುದುಕಿಯನ್ನು ಹಾಸಿಗೆಗೆ ಕೆಡವುವುದು ಸುಲಭವಲ್ಲ.

ಹಾಗಂತ ಇದು ಅವಳ ಮನೆತನಕ್ಕೆ ಹೊಸದೇನಲ್ಲ. ಅವಳು ನರ್ಸಿಂಗ್ ಕಲಿಯುತ್ತಿದ್ದಾಗ ಹಾಸ್ಟೆಲಿಗೆ ಫೋನ್ ಬಂದಿತ್ತು, ನಿಮ್ಮಪ್ಪ ಸೀರಿಯಸ್ ಅದಾನ ಎಂದು. ಅಳುತ್ತಳುತ್ತ ಸಂತಪುರಕ್ಕೆ ಹೋಗಿ ಇಳಿದರೆ ಅಪ್ಪ ಧೊಂಡಿಬಾ ಹೊಸ ರುಮಾಲು ಸುತ್ತಿಕೊಂಡು ಅಂಗಳದಲ್ಲಿ ಬೀಗರಿಗೆ ಚಹಾ ಕೊಡುತ್ತಿದ್ದ. ಆ ಬೀಗರ ಮಗ ಓಂಪ್ರಕಾಶ ಆಮೇಲೆ ಅವಳ ಗಂಡನಾದ. ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಕೈಯಲ್ಲಿ ಚಹಾದ ತಟ್ಟೆ ಇಟ್ಟಿದ್ದರು. ಅಣ್ಣ ಶಿವಕಾಂತನನ್ನು ಪುಣೆಯಿಂದ ಕರೆಸಿದ್ದೂ ಹೀಗೆಯೇ, ಆಗ ಸೀರಿಯಸ್ ಆಗುವ ಸರದಿ ಅವ್ವನದು. ಅವರಲ್ಲಿ ಯಾರನ್ನೂ ಸುಮ್ಮನೆ ಬಾ ಎಂದು ಕರೆದು ರೂಢಿಯಿಲ್ಲ. ಯಾರನ್ನಾದರೂ ಹಾಸಿಗೆ ಹಿಡಿಸಿಯೇ ಕರೆಯಬೇಕು. ಬಾ ಎಂದು ಕರೆದು ಅವರು ಬರದೆ ಹೋದರೆ ಮುಖ ಎಲ್ಲಿಡುವುದು? ನಿನ್ನೆ ಮಗಳು ಕಾಜಲ ಫೋನ್ ಮಾಡಿ, "ಅವ್ವಾ, ನಾಳೆ ಬಿಟ್ಟು ನಾಡದು ನಾ ಮುಡಿ ಒಪ್ಪಸ್ತೇನಿ. ಆಮ್ಯಾಲ ಫೋನ್ ಇರಂಗಿಲ್ಲ, ಬ್ಯಾರೆ ಅಂಗಳಕ್ಕ ಕಳಸ್ತಾರ. ಯಾವ ಊರಂತ ಹೇಳಂಗಿಲ್ಲ" ಎಂದಾಗಲೂ ಸಿದ್ದೇಶ್ವರಿಯ ಬಾಯಿಂದ ಬಂದದ್ದು ಒಂದೇ ಮಾತು, ಊಟ ಮಾಡಿದಿ? ಮಗಳು ಮಾಡಿದೆ ಎಂದಳು. ಅಷ್ಟಕ್ಕೆ ಫೋನ್ ಕಟ್ಟಾಯಿತು. ಓಂಪ್ರಕಾಶ ಮೂಲೆಯಲ್ಲಿ ಕೂತು, "ನೀನೇ ಹೋಗು, ನಾ ಹೋದ್ರ ಅಕಿ ಮ್ಯಾಲ ಕೈ ಎತ್ತೇನಿ" ಎಂದು ಗೋಡೆಗೆ ಹೇಳಿದ.

ಭಾಲ್ಕಿ ರಸ್ತೆಯ ಆ ಜಾಗಕ್ಕೆ ಜನ ಬರೇ ಅಂಗಳ ಎನ್ನುತ್ತಾರೆ. ಕಾಲೇಜಿನ ಗೆಳತಿಯೊಬ್ಬಳ ಜೊತೆ ಕಾಜಲ ಮೊದಲು ಗುರುವಾರಕ್ಕೊಮ್ಮೆ ಹೋಗುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದಳು, ಸಿದ್ದೇಶ್ವರಿ ಅದನ್ನು ನೋಡಿಯೂ ಇದ್ದಳು, ಚಲೋ ಆತು ಬಿಡು ಎಂದುಕೊಂಡೂ ಇದ್ದಳು. ದೀಪಾವಳಿ ಆದ ಮೇಲೆ ಹುಡುಗಿ ತಿರುಗಿ ಬರಲಿಲ್ಲ. ಅವಳ ಮನೆಯಿದ್ದ ಚಿದ್ರಿಯ ಓಣಿಯವರು ಮಾಟ ಅಂದರು, ಮದ್ದು ಹಾಕ್ಯಾರ ಅಂದರು. ಎದುರು ಮನೆಯ ರಹೀಮುನ್ನಿಸಾ ಮಾತ್ರ, "ಬೇಟಿ ಏನಾರ ಹೇಳಿದ್ದಳೇನು? ನೀವು ಕೇಳಿದ್ರೇನು?" ಎಂದು ಕೇಳಿದ್ದಕ್ಕೆ ಸಿದ್ದೇಶ್ವರಿ ಅವಳ ಮನೆಗೆ ಹೋಗುವುದನ್ನೇ ಬಿಟ್ಟಳು. ಬಿಟ್ಟು ಫೋನು ಹಿಡಿದಳು. ಇಂಥ ಗುಂಪುಗಳ ವಿಡಿಯೊ ಎಷ್ಟಿವೆಯೋ ಅಷ್ಟೂ ನೋಡಿದಳು, ಬಸ್ಸಿನಲ್ಲಿ, ಲಸಿಕೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ಅನ್ನಕ್ಕಿಟ್ಟು. ಬಿಳಿ ಬಟ್ಟೆಯವರು, ಕಾಡಿನಲ್ಲಿ ಊರು ಕಟ್ಟಿದವರು, ಒಬ್ಬನ ಮಾತಿಗೆ ಸಾಲಾಗಿ ವಿಷ ಕುಡಿದವರು. ಮೊದಮೊದಲು ಮಗಳಿಗಾಗಿ ನೋಡುತ್ತಿದ್ದವಳು ಬರಬರುತ್ತ ನೋಡುವುದಕ್ಕಾಗಿಯೇ ನೋಡತೊಡಗಿದಳು. ಆ ಸಾಲಿನಲ್ಲಿ ನಿಂತವರ ಮುಖಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಹುಚ್ಚರ ಮುಖಗಳಲ್ಲ ಅವು. ಸಂತೆಗೆ ಬಂದು ಬಸ್ಸಿಗೆ ಕಾಯುವವರ ಮುಖಗಳು. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ಭಾಲ್ಕಿ ಇನ್ನೂ ದೂರ ಇರುವಾಗಲೇ ಕಂಡಕ್ಟರು ಅಂಗಳ, ಅಂಗಳ ಎಂದು ಕೂಗಿದ. ಇಳಿದಳು. ತಗಡಿನ ಗೇಟು, ಬೇವಿನ ಗಿಡ, ಸೆಗಣಿ ಸಾರಿಸಿದ ದೊಡ್ಡ ಅಂಗಳ, ಅದರಾಚೆ ಉದ್ದನೆಯ ಮನೆ. ಫೋಟೊ ಇಲ್ಲ, ಗದ್ದುಗೆ ಇಲ್ಲ, ಧೂಪದ ಹೊಗೆಯೂ ಇಲ್ಲ. ಬೈಯುವುದಕ್ಕೆಂದು ಬಾಯಿ ತುಂಬ ತಂದಿದ್ದ ಮಾತುಗಳಿಗೆ ಇಳಿಯಲು ಜಾಗವೇ ಸಿಗಲಿಲ್ಲ. ಇವರ ಮುಖ್ಯಸ್ಥೆಯನ್ನು ಎಲ್ಲರೂ ಮೌಶಿ ಎನ್ನುತ್ತಿದ್ದರು. ಮಾತಾಜಿ ಅಲ್ಲ, ದೇವಿ ಅಲ್ಲ, ಚಿಕ್ಕಮ್ಮ. ಕಣ್ಣಲ್ಲಿ ಬೆಂಕಿ ಇರುವವಳು ಎಂದುಕೊಂಡಿದ್ದ ಆ ಹೆಂಗಸು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮೊಣಕಾಲ ಕೆಳಗೆ ಪಿಂಡಿಯಲ್ಲಿ ನರ ಗಂಟುಗಟ್ಟಿವೆ, ಹೆಚ್ಚು ಹೊತ್ತು ನಿಲ್ಲಬಾರದು ಈಕೆ, ಎಂದು ಸಿದ್ದೇಶ್ವರಿಯೊಳಗಿನ ನರ್ಸು ನೋಡಿಬಿಟ್ಟಳು. ಮೌಶಿ ನಕ್ಕು, "ಕಾಜಲಳ ಅವ್ವ ಹೌದಲ್ರಿ? ಕಣ್ಣು ಅಕೀವೇ ಅವ. ನೀರಿಗಿ ಹೋಗ್ಯಾಳ, ಬರ್ತಾಳ. ಅಲ್ಲಿತನ ಕುಂದ್ರಿ. ಇಲ್ಲಿ ಸುಮ್ಮ ಕುಂದ್ರೋರು ಯಾರಿಲ್ಲ, ಹೆಣಲಿನ ಸುತ್ತಿನಾಗೇ ಕುಂದ್ರಬೇಕು" ಎಂದಳು. ನಾನು ಕುಂದರಲು ಬಂದಿಲ್ಲ ಎಂದು ಹೇಳಬೇಕಿತ್ತು. ಆದರೆ ಹಾಗೆ ಹೇಳುವ ಧ್ವನಿಯನ್ನು ಅವಳು ಬಸ್ಸಿನಲ್ಲಿ ತಯಾರು ಮಾಡಿಕೊಂಡಿರಲಿಲ್ಲ.

ಅಂಗಳದಲ್ಲಿ ಹೆಂಗಸರು ದುಂಡಗೆ ಕೂತಿದ್ದರು, ಪ್ರತಿಯೊಬ್ಬಳ ಮುಖ ಮುಂದಿನವಳ ಬೆನ್ನಿಗೆ. ಪ್ರತಿಯೊಬ್ಬಳೂ ಮುಂದಿನವಳ ತಲೆಗೆ ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, ಬಾಚಿ, ಜಡೆ ಹೆಣೆದು ಹೆಣಲು ಹಾಕುತ್ತಿದ್ದಳು. ಮುಗಿದರೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಯಾರೂ ಹಾಡುತ್ತಿರಲಿಲ್ಲ, ಜಪ ಮಾಡುತ್ತಿರಲಿಲ್ಲ. ಒಂದೇ ನೇಮ, ಹಿಂದೆ ಯಾರು ಕೂತಿದ್ದಾರೆ ಎಂದು ತಿರುಗಿ ನೋಡಬಾರದು. ಇಬ್ಬರು ಸರಿದು ಜಾಗ ಮಾಡಿದರು. ಸಿದ್ದೇಶ್ವರಿಯ ಮುಂದೆ ಬೆಳ್ಳಗಿನ ತೆಳುಗೂದಲಿನ ಮುದುಕಿ. ಹೆಸರು ಸಖುಬಾಯಿ ಎಂದು ತಾನೇ ಹೇಳಿದಳು, ತಿರುಗದೆ. ಸಿದ್ದೇಶ್ವರಿ ಬಾಚಣಿಕೆ ಹಿಡಿದು ಕೆಲಸ ಮುಗಿಸುವವಳಂತೆ ಮೇಲಿಂದ ಕೆಳಗೆ ಎಳೆದಳು. "ಸಾವಕಾಶ ತಾಯಿ, ನನಗ ಎಲ್ಲೂ ಹೋಗೋದೇನಿಲ್ಲ" ಎಂದಳು ಮುದುಕಿ. ಸಿದ್ದೇಶ್ವರಿಯ ಮುಖ ಬಿಸಿಯಾಯಿತು. ಹಳ್ಳಿಯ ಮಕ್ಕಳು ಅವಳನ್ನು ಕಂಡರೆ ಓಡಿ ಬಣವೆಯ ಹಿಂದೆ ಅಡಗುತ್ತಾರೆ, ಸೂಜಿಬಾಯಿ ಬಂದಳು ಎಂದು. ಹಿಡಿ, ಒರೆಸು, ಚುಚ್ಚು, ಮುಂದಿನವರು ಬರ್ರಿ. ಈ ಕೈಗಳಿಗೆ ಬೇರೆ ನಡಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರದೋ ಬೆರಳು ಅವಳ ತಲೆಯ ನಡುವೆ ಎಣ್ಣೆ ಬಿಟ್ಟಿತು.

ಎಣ್ಣೆ ಉಗುರುಬೆಚ್ಚಗಿತ್ತು. ಅದು ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕುತ್ತಿಗೆಗೆ ಇಳಿಯುವ ದಾರಿಯನ್ನು ಆ ಬೆರಳುಗಳು ಕಾದುಕೊಂಡು ಹೋದವು. ತನ್ನ ತಲೆಯನ್ನು ಬೇರೆಯವರು ಮುಟ್ಟಿ ಎಷ್ಟು ದಿನವಾಯಿತೆಂದು ಅವಳಿಗೆ ನೆನಪಾಗಲಿಲ್ಲ. ಅವ್ವ ಬಾಚುತ್ತಿದ್ದಳು, ಬಾಚಣಿಕೆಯನ್ನು ಹಲ್ಲಲ್ಲಿ ಕಚ್ಚಿ, ಹಟ್ಟಿಯಿಂದ ಕುರಿ ಕೂಗಿದರೆ ಅರ್ಧ ಹೆಣಲಿಗೆ ಬಿಟ್ಟು ಏಳುತ್ತಿದ್ದಳು, ಉಳಿದರ್ಧ ಹಾಕಿಕೊಂಡು ಶಾಲೆಗೆ ಓಡಬೇಕಿತ್ತು. ಮಂಜು ಇನ್ನೂ ಅಂಗಳದಲ್ಲೇ ಇತ್ತು, ಬೇವಿನ ಗಿಡ ಒಮ್ಮೆ ಹತ್ತಿರ ಒಮ್ಮೆ ದೂರ. ಅದರೊಳಗಿಂದ ಹಳೆಯ ಮುಂಜಾವೊಂದು ಎದ್ದು ಬಂತು: ಔರಾದ ಬಸ್ಸು ಹಾರನ್ ಹೊಡೆಯುತ್ತಿದೆ, ಎರಡನೇ ಇಯತ್ತೆಯ ಕಾಜಲ ಕನ್ನಡಿಯ ಮುಂದೆ ರಿಬ್ಬನ್ ಹಿಡಿದು ನಿಂತಿದ್ದಾಳೆ, ಅವ್ವಾ ಒಂದೇ ನಿಮಿಷ ಅನ್ನುತ್ತಿದ್ದಾಳೆ. ಮರುದಿನವೇ ಅವಳನ್ನು ಕ್ಷೌರದಂಗಡಿಗೆ ಒಯ್ದು ಗಂಡುಹುಡುಗರ ಹಾಗೆ ಕತ್ತರಿಸಿಕೊಂಡು ಬಂದಿದ್ದಳು ಸಿದ್ದೇಶ್ವರಿ. ಚಂದ ಕಾಣ್ತಿ ಎಂದೂ ಹೇಳಿದ್ದಳು. ಹುಡುಗಿ ಅಳಲಿಲ್ಲ, ರಿಬ್ಬನನ್ನು ಮಡಚಿ ಕಂಪಾಸಿನಲ್ಲಿ ಇಟ್ಟುಕೊಂಡಳು. ಈಗ ಹಿಂದಿನ ಕೈಗಳು ಒಂದು ಸಿಕ್ಕಿನ ಹತ್ತಿರ ಬಂದು ನಿಂತಿದ್ದವು, ಎಳೆಯಲಿಲ್ಲ, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಮೇಲೆ ಬರುತ್ತಿದ್ದವು. ಸಿದ್ದೇಶ್ವರಿಯ ಭುಜಗಳು ಅವಳನ್ನು ಕೇಳದೆ ಕೆಳಗಿಳಿದವು. ಇವರ ಬಳಿ ಮಂತ್ರವಿಲ್ಲ, ಮದ್ದಿಲ್ಲ, ಅಯ್ಯೋ ಇಷ್ಟೇನೇ, ಎಂದುಕೊಂಡಳು. ಇಷ್ಟಕ್ಕೇ ಮಗಳು ಮನೆ ಬಿಟ್ಟಳು. ಇಷ್ಟಕ್ಕಾದರೆ ಯಾರು ಬಿಡುವುದಿಲ್ಲ? ಅವಳ ಕೈಗಳೂ ಯಾವಾಗಲೋ ಸಖುಬಾಯಿಯ ತಲೆಯಲ್ಲಿ ನಿಧಾನವಾಗಿದ್ದವು. ಮುದುಕಿ ನಿದ್ದೆಗಣ್ಣಿನ ದನಿಯಲ್ಲಿ, "ನಿಮ್ಮ ಮಗಳು ನಿನ್ನಿಯಿಂದ ಗೇಟಿನ ಕಡಿ ಮುಖ ಮಾಡೇ ಕುಂದರ್ತಾಳ ನೋಡ್ರಿ" ಎಂದಳು. ಆ ಮಾತು ಸಿದ್ದೇಶ್ವರಿಯ ಕಿವಿಗೆ ಬಿತ್ತು. ಎಣ್ಣೆಯ ಹಾಗೆ ಅದೂ ಎಲ್ಲೋ ಇಳಿದು ಹೋಯಿತು.

ಉದ್ದ ಮನೆಯ ಬಾಗಿಲು ತೆರೆದು ಒಬ್ಬಳು ಎಣ್ಣೆಯ ಡಬ್ಬಿ ತಂದಳು. ಬಾಗಿಲು ಹಾಗೇ ಇತ್ತು. ಒಳಗೆ ಗೋಡೆಗೆ ಒರಗಿಸಿದ ಗೋಣಿಚೀಲ. ಬಾಯಿ ಬಿಗಿದಿರಲಿಲ್ಲ. ಅದರೊಳಗಿಂದ ಹೆಣಲುಗಳ ತುದಿಗಳು ಹೊರಬಂದಿದ್ದವು, ಕಪ್ಪು, ಕಂದು, ನರೆತದ್ದು, ಒಂದಕ್ಕೆ ಕೆಂಪು ದಾರ ಹಾಗೇ ಇತ್ತು. ಅಪ್ಪ ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಕೆರೆಗೆ ಒಯ್ದು ಮೈ ತೊಳೆಯುತ್ತಿದ್ದ. ಕಿವಿಯ ಬುಡ ಕೆರೆದು, ನನ್ನವ್ವ ನನ್ನಪ್ಪ ಎಂದು ಮಾತಾಡಿಸುತ್ತಿದ್ದ. ಕುರಿ ಕಣ್ಣು ಮುಚ್ಚುತ್ತಿತ್ತು. ಅಪ್ಪನ ಪ್ರೀತಿ ಸುಳ್ಳಲ್ಲ, ಕತ್ತರಿಯೂ ಸುಳ್ಳಲ್ಲ. ಸಿದ್ದೇಶ್ವರಿ ಥಟ್ಟನೆ ಎದ್ದು ನಿಂತಳು, ಅರ್ಧ ಹಾಕಿದ ಹೆಣಲು ಹಿಂದಿನವಳ ಕೈಯಿಂದ ಜಾರಿತು. ಆಗಲೂ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಗೇಟಿನಲ್ಲಿ ಕಾಜಲ, ಸೊಂಟದ ಮೇಲೆ ಕೊಡ. ತೆಳ್ಳಗಾಗಿದ್ದಳು. ಕೂದಲು ಮಾತ್ರ ದಟ್ಟವಾಗಿ ಬೆನ್ನು ತುಂಬ ಬೆಳೆದಿತ್ತು. ತಾಯಿಯನ್ನು ನೋಡಿ ಕೊಡ ಇಳಿಸಿದಳು. ಮುಖದಲ್ಲಿ ಏನೋ ಏಳತೊಡಗಿತು, ಬಾಯಿ ತೆರೆದಳು. "ಅವ್ವಾ, ಬಂದಿ? ನಾ..."

"ಆಯಿಗಿ ಆರಾಮಿಲ್ಲ," ಎಂದಳು ಸಿದ್ದೇಶ್ವರಿ. "ಸಂತಪುರದಾಗ. ಸೀರಿಯಸ್ ಅದಾಳ. ನಿನ್ನ ಹೆಸರೇ ತಗೋತಾಳ. ನಡಿ."

ಎದ್ದು ಬರುತ್ತಿದ್ದದ್ದು ಮಗಳ ಮುಖದಲ್ಲಿ ಅಲ್ಲೇ ನಿಂತು, ಅದರ ಮೇಲೆ ಬೇರೆಯದು ಬಂತು. ಕಣ್ಣು ತುಂಬಿದವು. "ಯಾವಾಗಿಂದ?" ಎಂದಳು. ನಿನ್ನೆಯಿಂದ ಎಂದಳು ಸಿದ್ದೇಶ್ವರಿ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆ ಕ್ಷಣಕ್ಕೆ ಅವಳಿಗೇ ಅವ್ವನ ಉಸಿರಾಟದ ಸದ್ದು ಕೇಳಿಸಿತು. ಮೌಶಿ ತಡೆಯುತ್ತಾಳೆ, ಜಗಳವಾಗುತ್ತದೆ, ಪೊಲೀಸರ ಹೆಸರೆತ್ತಬೇಕು ಎಂದೆಲ್ಲ ಸೊಂಟ ಕಟ್ಟಿದ್ದಳು. ಮೌಶಿ ಕುರ್ಚಿಯಿಂದ ಕಷ್ಟಪಟ್ಟು ಎದ್ದು ಬಂದು ಹುಡುಗಿಯ ತಲೆ ಸವರಿದಳು. "ಹೋಗಿ ಬಾ. ಹಿರೇರು ಮುಖ್ಯ. ಆಯಿ ಆರಾಮ ಆದ ಮ್ಯಾಲ ಬಂದ್ರ ಆತು, ಮುಡಿಗೇನು ಅವಸರ" ಎಂದು ಥರ್ಮಾಸಿನಲ್ಲಿ ಬಿಸಿ ಹಾಲು ತುಂಬಿಸಿ ಕೊಟ್ಟಳು. ಸಿದ್ದೇಶ್ವರಿ ಆ ಥರ್ಮಾಸು ಹಿಡಿದು ಗೇಟು ದಾಟಿದಳು. ಕಳ್ಳಿಗೆ ಮನೆಯವರೇ ಬಾಗಿಲು ತೆರೆದು ದೀಪ ಹಿಡಿದ ಹಾಗಾಗಿತ್ತು.

ಅವಳ ಲೆಕ್ಕವಿದ್ದದ್ದು ಚಿದ್ರಿಯ ಮನೆಗೆ ಒಯ್ಯುವುದು, ಬಾಗಿಲು ಹಾಕುವುದು, ಆಮೇಲೆ ನಿಧಾನಕ್ಕೆ ಹೇಳುವುದು. ಆದರೆ ಮೊದಲು ಸಿಕ್ಕ ಗಾಡಿಯಲ್ಲಿ ಭಾಲ್ಕಿ ಸ್ಟ್ಯಾಂಡಿಗೆ ಬಂದೊಡನೆ ಕಾಜಲ ಬೀದರ ಬಸ್ಸಿನ ಕಡೆ ನೋಡಲೂ ಇಲ್ಲ. ಓಡಿಹೋಗಿ ಸಂತಪುರದ ಮೇಲೆ ಔರಾದಕ್ಕೆ ಹೋಗುವ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದು, ಅವ್ವಾ ಹತ್ತು ಎಂದಳು. ಸಾಯುವ ಆಯಿಯನ್ನು ಬಿಟ್ಟು ಬೇರೆಲ್ಲಿಗೆ ಹೋಗುತ್ತಾರೆ? ಸಂತಪುರದಾಗ ಎಂದು ಹೇಳಿದವಳು ತಾನೇ. ಹತ್ತಿದಳು. ಮುಂಚೆಯೇ ತಿಳಿಸೋಣವೆಂದರೆ ಅವ್ವನ ಬಳಿ ಫೋನಿಲ್ಲ, ಇದ್ದೊಂದು ಫೋನು ಕುರಿಯ ಹಿಂದೆ ಅಡವಿಗೆ ಹೋದ ಅಪ್ಪನ ಅಂಗಿಯ ಕಿಸೆಯಲ್ಲಿ. ಇರಲಿ, ದಾರಿಯಲ್ಲಿ ಹೇಳಿಬಿಡುತ್ತೇನೆ, ಇಳಿಯುವುದರೊಳಗೆ ಹೇಳುತ್ತೇನೆ. ಮಂಜು ಹರಿದು ಬಿಸಿಲು ಬಂತು. ಕಾಜಲ ತಾಯಿಯ ಭುಜಕ್ಕೆ ತಲೆಯಿಟ್ಟಳು. ಹಾಗೆ ಅವಳು ತಲೆಯಿಟ್ಟದ್ದು ಯಾವ ಕಾಲದಲ್ಲೋ. ಆ ಕೂದಲಿನ ಎಣ್ಣೆಯೂ ತನ್ನ ಕೂದಲಿನ ಎಣ್ಣೆಯೂ ಒಂದೇ ವಾಸನೆ ಬೀರುತ್ತಿದ್ದವು. ಬಸ್ಸು ತೂಗುತ್ತಿತ್ತು, ಮುಂದಿನ ಸೀಟಿನ ಕೂಸೊಂದು ಇಬ್ಬರನ್ನೂ ನೋಡಿ ನಗುತ್ತಿತ್ತು, ಎಲ್ಲ ಸರಿಹೋದ ಹಾಗಿತ್ತು. ಸ್ವಲ್ಪ ಹೊತ್ತು ಇದು ಹೀಗೇ ಇರಲಿ ಎಂದುಕೊಂಡಳು.

"ಅಲ್ಲೇನದ ಅಂಥಾದ್ದು?" ಎಂದು ಕೇಳಿದಳು, ಕೆಳದನಿಯಲ್ಲಿ.

"ಏನೂ ಇಲ್ಲವಾ," ಎಂದಳು ಕಾಜಲ. "ಅಲ್ಲಿ ಯಾರೂ ಗಡಿಯಾರ ನೋಡಂಗಿಲ್ಲ, ಅಷ್ಟೇ. ನಾ ಮಾತಾಡ್ಲಿಕ್ಕ ಶುರು ಮಾಡಿದ್ರ ಮುಗಿಯೋತನ ಕುಂದರ್ತಾರ. ಹೆದರಸಂಗಿಲ್ಲ, ಸುಳ್ಳು ಹೇಳಂಗಿಲ್ಲ." ಆಮೇಲೆ ಭುಜದ ಮೇಲಿಂದಲೇ ಹೇಳಿದಳು, "ಖರೇ ಹೇಳಲೇನು? ಮುಡಿ ಕೊಡೋದಕ್ಕ ನನಗೂ ಅಂಜಿಕಿ ಆಗಿತ್ತು. ಫೋನ್ ಮಾಡಿದ್ದು ಅದಕ್ಕೇ. ಅವ್ವ ಬರ್ತಾಳ, ಬರ್ತಾಳ ಅಂತ ಗೇಟೇ ನೋಡ್ಲಕತ್ತಿದ್ದೆ. ಆಯಿಗಿ ಆರಾಮ ಇದ್ದು, ನೀ ಸುಮ್ಮ ಬಂದು ಮನಿಗಿ ಬಾ ಅಂದಿದ್ರೂ ಬರ್ತಿದ್ದೆ ಅವ್ವಾ."

ಸಿದ್ದೇಶ್ವರಿಗೆ ಸಖುಬಾಯಿಯ ಮಾತು ಆಗ ಕೇಳಿಸಿತು, ಈಗ ಹೇಳಿದಷ್ಟು ಸ್ಪಷ್ಟವಾಗಿ. ಈಗ ಹೇಳಬೇಕು, ಈಗ. ಹೇಳಿದರೆ ಈ ತಲೆ ಭುಜದಿಂದ ಎದ್ದುಬಿಡುತ್ತದೆ. ಮುಂದಿನ ಊರು ದಾಟಲಿ ಎಂದಳು. ಊರು ದಾಟಿತು. ಆ ಹಳ್ಳ ಬರಲಿ ಎಂದಳು. ಕಾಜಲ ನಿದ್ದೆ ಹೋದಳು, ಬಾಯಿ ಸ್ವಲ್ಪ ತೆರೆದು, ಚಿಕ್ಕವಳಿದ್ದಾಗಿನ ಹಾಗೆಯೇ. ನಿದ್ದೆಯಲ್ಲಿದ್ದವಳನ್ನು ಎಬ್ಬಿಸಿ ಹೇಳುವುದೇ? ಭುಜ ಜೋಮು ಹಿಡಿಯಿತು, ಅವಳು ಅಲುಗಾಡಲಿಲ್ಲ. ಹಳ್ಳ ಬಂತು, ಹೋಯಿತು. ಈ ದಾರಿ ಮುಗಿಯದೆ ಹೀಗೇ ಬಿಸಿಲಲ್ಲಿ ತಿರುಗುತ್ತಲೇ ಇರಲಿ, ಸಂತಪುರವೆಂಬ ಊರು ಇಲ್ಲದೇ ಹೋಗಲಿ ಎಂದು ಬೇಡಿಕೊಂಡಳು. ಯಾರನ್ನು ಬೇಡಿಕೊಂಡಳೋ ಅವಳಿಗೂ ಗೊತ್ತಿರಲಿಲ್ಲ.

ಸಂತಪುರ ಬಂತು. ಭೀಮಬಾಯಿ ಹಟ್ಟಿಯ ಮುಂದೆ ಸೀರೆ ಎತ್ತಿ ಕಟ್ಟಿ, ಎರಡು ಕೈಯಲ್ಲೂ ನೀರಿನ ಕೊಡ ಹಿಡಿದು ಬರುತ್ತಿದ್ದಳು. ಮೊಮ್ಮಗಳನ್ನು ಕಂಡು ಕೊಡ ಅಲ್ಲೇ ಇಟ್ಟು, "ಬಂದೇನ ನನ್ನ ಬಂಗಾರ, ಬಂದೇನ" ಎಂದು ಕೈ ಚಾಚಿ ಓಡಿಬಂದಳು. ಓಡಿಯೇ ಬಂದಳು. ಕಾಜಲ ನಿಂತಲ್ಲೇ ನಿಂತಳು. "ಆಯಿ, ನಿನಗ ಸೀರಿಯಸ್ ಅದ ಅಂತ ಅವ್ವ..." ಎಂದಳು. ಭೀಮಬಾಯಿ ಮಗಳ ಮುಖ ನೋಡಿದಳು. ಒಂದು ಗಳಿಗೆ, ಅಷ್ಟೇ. ಈ ಆಟ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಎದೆಗೆ ಹೋಯಿತು. "ಹೌದವಾ," ಎಂದು ನರಳಿದಳು, "ಮುಂಜಾನಿಂದ ಎದ್ಯಾಗ ಹಿಡದಂಗ ಆಗ್ಯದ. ನಿನ್ನ ನೋಡೇ ಕಣ್ಣು ಮುಚ್ಚಬೇಕಂತ..." ಎಂದು ಕಟ್ಟೆಯ ಮೇಲೆ ಕುಸಿದು ಕೂತಳು. ಬಲಗಡೆಯ ಎದೆ ಹಿಡಿದುಕೊಂಡಿದ್ದಳು. ಸಿದ್ದೇಶ್ವರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಕಾಜಲ ಇಬ್ಬರನ್ನೂ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಬರಲಿ, ಚೀರಲಿ, ಬೈಯಲಿ ಎಂದು ಸಿದ್ದೇಶ್ವರಿ ಕಾದಳು. ಹುಡುಗಿ ಆಯಿಯ ಪಕ್ಕದಲ್ಲಿ ಕೂತು, ಥರ್ಮಾಸಿನ ಹಾಲು ಬಗ್ಗಿಸಿ ಕುಡಿಸಿದಳು, ಕಾಲು ತೊಡೆಯ ಮೇಲಿಟ್ಟುಕೊಂಡು ಒತ್ತಿದಳು. ಜಡ್ಡು ಬಿದ್ದವರಿಗೆ ಹೇಗೆ ಒತ್ತಬೇಕೋ ಹಾಗೆ, ಮಧ್ಯಾಹ್ನ ಇಳಿಯುವ ತನಕ. ಮುದುಕಿಗೆ ಸುಳ್ಳು ನೋವು ಸುಖವಾಗಿ ಮೈಗೆ ಹತ್ತಿತ್ತು, ಅವಳು ನಿಜವಾಗಿಯೇ ಕಣ್ಣು ಮುಚ್ಚಿದ್ದಳು. ಸಿದ್ದೇಶ್ವರಿ ಒಳಗೆ ಹೋದಳು, ಹೊರಗೆ ಬಂದಳು, ರೊಟ್ಟಿ ಮಾಡಿದಳು, ಯಾರೂ ತಿನ್ನಲಿಲ್ಲ.

"ಆಯಿ, ಈಗ ಹ್ಯಾಂಗ ಅನಸ್ತದ?" ಎಂದು ಕೇಳಿದಳು ಕಾಜಲ.

"ಆರಾಮ ಅನಸ್ತದ ನನ್ನವ್ವ. ನಿನ್ನ ಮುಖ ನೋಡಿದ್ನಲ್ಲ, ಎಲ್ಲಾ ಹೋಯಿತು."

"ಹಂಗಾದ್ರ ನಾ ಹೋಗ್ತೇನಿ," ಎಂದು ಕಾಜಲ ಎದ್ದಳು. ಖಾಲಿ ಥರ್ಮಾಸು ತೊಳೆದು, ಆಯಿಯ ಕಾಲಿಗೆ ನಮಸ್ಕಾರ ಮಾಡಿ, ರಸ್ತೆಯ ಕಡೆ ನಡೆದಳು.

ಸಿದ್ದೇಶ್ವರಿ ಹಿಂದೆ ಓಡಿದಳು. ಅರ್ಧ ಹೆಣಲು ಪೂರ್ತಿ ಬಿಚ್ಚಿ ಮುಖದ ಮೇಲೆ ಬಂದಿತ್ತು. ಏದುಸಿರು ಬಿಡುತ್ತ ಮಗಳ ಮುಂದೆ ಹೋಗಿ ನಿಂತಳು. ಹೇಳಬೇಕಾದದ್ದು ಬಹಳವಿತ್ತು, ಅದನ್ನೆಲ್ಲ ಬಿಟ್ಟಳು. "ಮನಿಗಿ ಬಾ ಕಾಜಲ," ಎಂದಳು. ಮತ್ತೇನೂ ಸೇರಿಸಲಿಲ್ಲ. ಹುಟ್ಟಿದಾಗಿನಿಂದ ಆ ಮಾತನ್ನು ಬರಿದಾಗಿ ಯಾರಿಗೂ ಹೇಳಿರಲಿಲ್ಲ ಅವಳು.

ಕಾಜಲ ನಿಂತು ತಾಯಿಯ ಮುಖದ ಮೇಲಿನ ಕೂದಲು ಸರಿಸಿದಳು, ನಿಧಾನವಾಗಿ, ಎರಡೂ ಕಿವಿಯ ಹಿಂದೆ ಸಿಕ್ಕಿಸಿದಳು.

"ಮನ್ಯಾಗ ಯಾರಿಗಿ ಏನಾಗ್ಯದ ಅವ್ವಾ?" ಎಂದು ಕೇಳಿದಳು.